ಕೊನೆಯ ಎರಡು ನಿಮಿಷಗಳಲ್ಲಿ ಸೋಲುವ ತಂಡ: ಗೆಲ್ಲುವ ಮನಸ್ಸನ್ನು ಕಲಿಸಬಹುದೇ?

ಪ್ರಶ್ನೆ: ಶಿರಸಿ ತಾಲೂಕಿನ ದೈಹಿಕ ಶಿಕ್ಷಕಿ

ನಾನು ಶಿರಸಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ನೋಡಿಕೊಳ್ಳುತ್ತಿದ್ದೇನೆ. ಜಿಲ್ಲಾ ಮಟ್ಟದಲ್ಲಿ ಗೆದ್ದು ಬೆಳಗಾವಿ ವಿಭಾಗ ಮಟ್ಟದ ಪಂದ್ಯಾವಳಿಗೆ ಹೋಗುತ್ತೇವೆ. ಅಲ್ಲಿ ಮೂರು ಕ್ವಾರ್ಟರ್‌ ಮುಗಿಯುವವರೆಗೆ ಮುಂದಿದ್ದು, ಕೊನೆಯಲ್ಲಿ ಸೋತು ಬರುತ್ತೇವೆ. ಕಳೆದ ವರ್ಷ ಹೀಗಾಯಿತು, ಈ ವರ್ಷವೂ ಹಾಗೆಯೇ ಆಯಿತು. ಮಕ್ಕಳಿಗೆ ಆಟ ಬರುತ್ತದೆ, ಓಟವೂ ಇದೆ, ಆದರೆ ಪಂದ್ಯ ಬಿಗಿಯಾದೊಡನೆ ಕೈಕಾಲು ಆಡುವುದಿಲ್ಲ. ‘ಗೆಲ್ಲುವ ಮನಸ್ಸು ಬೇಕು’ ಎಂಬ ಮಾತನ್ನು ಎಲ್ಲರಿಂದಲೂ ಕೇಳುತ್ತೇನೆ. ಅದನ್ನು ಅಭ್ಯಾಸದಲ್ಲಿ ಕಲಿಸಲು ಸಾಧ್ಯವೇ? ದೊಡ್ಡ ಪಂದ್ಯಾವಳಿಗಳಲ್ಲಿ ಆಡಿದವರು, ಆಡಿಸಿದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಕಾರವಾರದ ನಿವೃತ್ತ ಆಟಗಾರ

ಮೇಡಂ, ನಾನು ಕಾಲೇಜು, ವಿಶ್ವವಿದ್ಯಾಲಯ, ಆಮೇಲೆ ಕೆಲಸಕ್ಕೆ ಸೇರಿದ ಇಲಾಖೆಯ ತಂಡ ಎಂದು ಮೊಣಕಾಲು ಒಪ್ಪುವವರೆಗೂ ಆಡಿ ನಿಲ್ಲಿಸಿದವನು. ಗೆದ್ದ ಫೈನಲ್‌ಗಳೂ ಇವೆ, ಸೋತವೂ ಇವೆ. ಗೆಲ್ಲಬೇಕೆಂಬ ಆಸೆ ಫೈನಲ್‌ಗೆ ಬಂದ ಎರಡೂ ತಂಡಗಳಿಗೆ ಸಮನಾಗಿಯೇ ಇರುತ್ತದೆ ಎಂಬುದನ್ನು ನಾನು ಅಲ್ಲಿ ಕಂಡುಕೊಂಡೆ. ಒಂದು ನಿಮಿಷ ಬಾಕಿಯಿದ್ದು ಉಸಿರು ಮೇಲಕ್ಕೆ ಬಂದಿರುವಾಗ, ಮುಂದಿನ ಬಾಲಿಗೆ ತಾನು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂಬುದು ಐವರಿಗೂ ಮೊದಲೇ ಗೊತ್ತಿದ್ದರೆ ಆ ತಂಡದ ಮನಸ್ಸು ಅಲುಗಾಡುವುದಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕಲಿಸಬಹುದು, ಅದೂ ಮೈದಾನದಲ್ಲಿಯೇ, ಭಾಷಣವಿಲ್ಲದೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಅತಿ ಹೆಚ್ಚು ಚಾಂಪಿಯನ್‌ಷಿಪ್ ಗೆದ್ದ ಆಟಗಾರ ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್. ಅವರು ಆಡಿದ 13 ಋತುಗಳಲ್ಲಿ ತಂಡ 11 ಬಾರಿ ಗೆದ್ದಿತು, 1959ರಿಂದ 1966ರವರೆಗೆ ಸತತವಾಗಿ 8 ಬಾರಿ. ಆದರೆ ಆ ತಂಡದಲ್ಲಿ ಅತಿ ಹೆಚ್ಚು ಅಂಕ ಗಳಿಸುತ್ತಿದ್ದವರು ಅವರಲ್ಲ. ಎದುರಾಳಿಯ ಶಾಟನ್ನು ತಡೆಯುವಾಗ ಬಾಲನ್ನು ಪ್ರೇಕ್ಷಕರ ಕಡೆಗೆ ಬಡಿದು ಚಪ್ಪಾಳೆ ಗಿಟ್ಟಿಸುವ ಬದಲು, ಅಂಕಣದೊಳಗೇ ತನ್ನವರ ಕೈಗೆ ಸಿಗುವಂತೆ ತಟ್ಟುತ್ತಿದ್ದರು. ಅಲ್ಲಿಂದಲೇ ಫಾಸ್ಟ್ ಬ್ರೇಕ್, ಅಂದರೆ ಮಿಂಚಿನ ಪ್ರತಿದಾಳಿ, ಹೊರಡುತ್ತಿತ್ತು. ಇಷ್ಟು ಗೆದ್ದವರಿಗೂ ದೊಡ್ಡ ಪಂದ್ಯಕ್ಕೆ ಮುನ್ನ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಹಾಗಾಗಿ ಮಕ್ಕಳಿಗೆ ‘ಹೆದರಬೇಡಿ’ ಎಂದು ಹೇಳುವುದನ್ನು ದಯವಿಟ್ಟು ಬಿಟ್ಟುಬಿಡಿ. ಹೆದರಿಕೆ ಬಂದೇ ಬರುತ್ತದೆ. ಅದು ಇದ್ದಾಗಲೂ ಕಾಲು ಹೋಗಬೇಕಾದ ಜಾಗಕ್ಕೆ ಹೋಗುವಂತೆ ಮಾಡುವುದಷ್ಟೇ ನಮ್ಮ ಕೈಯಲ್ಲಿದೆ.

2013ರ ಎನ್‌ಬಿಎ ಫೈನಲ್‌ನ ಆರನೆಯ ಪಂದ್ಯದ ಕೊನೆಯ ಅರ್ಧ ನಿಮಿಷವನ್ನು ಮಕ್ಕಳಿಗೆ ತೋರಿಸಿ. ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ಈ ಸರಣಿಯಲ್ಲಿ 3–2ರಿಂದ ಮುಂದಿದ್ದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ 28 ಸೆಕೆಂಡು ಬಾಕಿಯಿರುವಾಗ 5 ಅಂಕಗಳ ಮುನ್ನಡೆಯಿತ್ತು. ಪ್ರಶಸ್ತಿ ಪ್ರದಾನಕ್ಕೆಂದು ಅಂಕಣದ ಅಂಚಿನಲ್ಲಿ ಸಿಬ್ಬಂದಿ ಹಳದಿ ಹಗ್ಗ ಹಿಡಿದು ಬಂದಾಗಿತ್ತು. 5.2 ಸೆಕೆಂಡು ಉಳಿದಿರುವಾಗ ಮಯಾಮಿ ಹೀಟ್‌ನ ರೇ ಅಲೆನ್ ಮೂಲೆಯಿಂದ ಹಾಕಿದ ಮೂರು ಅಂಕಗಳ ಶಾಟಿನಿಂದ ಪಂದ್ಯ ಸಮವಾಯಿತು. ಎಲ್ಲರ ನೆನಪಿನಲ್ಲಿ ಉಳಿದಿರುವುದು ಆ ಶಾಟ್. ನೀವು ವಿಡಿಯೊವನ್ನು ಕೆಲವು ಸೆಕೆಂಡು ಹಿಂದಕ್ಕೆ ಒಯ್ದು ನಿಲ್ಲಿಸಿ. ಮಯಾಮಿಯ ಲೆಬ್ರಾನ್ ಜೇಮ್ಸ್ ಹಾಕಿದ ಶಾಟ್ ತಪ್ಪಿದೆ. ಅದೇ ತಂಡದ ಕ್ರಿಸ್ ಬಾಶ್ ಜಿಗಿದು ರಿಬೌಂಡ್ (ತಪ್ಪಿ ಮರಳಿದ ಬಾಲು) ಹಿಡಿದಿದ್ದಾರೆ. ಸ್ಪರ್ಸ್‌ನ ಎತ್ತರದ ಆಟಗಾರ ಟಿಮ್ ಡಂಕನ್ ಆ ಹೊತ್ತಿಗೆ ಬೆಂಚಿನಲ್ಲಿದ್ದಾರೆ. ಇತ್ತ ಅಲೆನ್ ಬಾಲಿನ ಮೇಲೆ ಕಣ್ಣಿಟ್ಟು, ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ, ಕೆಳಗೆ ನೋಡದೆಯೇ ಗೆರೆಯ ಹೊರಗಿನ ಮೂಲೆಗೆ ಸರಿಯುತ್ತಿದ್ದಾರೆ. ನೆಲದ ಮೇಲೆ ಮಲಗಿ, ತಟ್ಟನೆ ಎದ್ದು, ಹಿಮ್ಮುಖವಾಗಿ ಮೂಲೆಗೆ ಓಡಿ ಶಾಟ್ ಹಾಕುವುದನ್ನು ಅವರು ಅಭ್ಯಾಸವಾಗಿಯೇ ಮಾಡಿಕೊಂಡು ಬಂದಿದ್ದರು. ಒಂದು ಬಾಕ್ಸ್ ಔಟ್ (ಎದುರಾಳಿಯನ್ನು ಬೆನ್ನಿನಿಂದ ತಡೆದು ರಿಬೌಂಡಿಗೆ ಬಿಡದಿರುವುದು) ತಪ್ಪಿದ್ದರಿಂದ, ಮತ್ತು ಒಬ್ಬರ ಕಾಲಿಗೆ ದಾರಿ ಗೊತ್ತಿದ್ದುದರಿಂದ, ಚಾಂಪಿಯನ್‌ಷಿಪ್ ಕೈಬದಲಾಯಿತು. ಹೆಚ್ಚುವರಿ ಅವಧಿಯಲ್ಲಿ ಮಯಾಮಿ ಗೆದ್ದಿತು; ಏಳನೆಯ ಪಂದ್ಯವನ್ನೂ ಗೆದ್ದಿತು.

ನಮ್ಮ ತರಬೇತುದಾರರು ಇದನ್ನು ಕಲಿಸುತ್ತಿದ್ದ ಕ್ರಮ ಸರಳವಾಗಿತ್ತು. ಅಭ್ಯಾಸ ಮುಗಿಯುತ್ತ ಬಂದು ಎಲ್ಲರೂ ದಣಿದ ಮೇಲೆ, ‘ಎರಡು ನಿಮಿಷ, ನಾವು ಮೂರು ಅಂಕ ಹಿಂದೆ, ಬಾಲ್ ನಮ್ಮದು’ ಎಂದು ಕೂಗಿ ಗಡಿಯಾರ ಒತ್ತುತ್ತಿದ್ದರು. ಮರುದಿನ ‘ನಲವತ್ತು ಸೆಕೆಂಡು, ಒಂದು ಅಂಕ ಮುಂದೆ, ಬಾಲ್ ಅವರದು’. ಇನ್ನೊಂದು ದಿನ ತಂಡದ ಅತ್ಯುತ್ತಮ ಆಟಗಾರನನ್ನು ಐದು ಫೌಲ್ ಆಯಿತೆಂದು ಹೊರಗೆ ಕೂರಿಸಿ, ಉಳಿದವರು ಆಡಿ ಗೆಲ್ಲಬೇಕೆನ್ನುತ್ತಿದ್ದರು. ಮೊದಮೊದಲು ಎಲ್ಲರೂ ಗಡಿಬಿಡಿಯಲ್ಲಿ ದೂರದಿಂದಲೇ ಶಾಟ್ ಹೊಡೆಯುತ್ತಿದ್ದೆವು. ಕೆಲವು ವಾರಗಳಲ್ಲಿ, ಎರಡು ನಿಮಿಷವೆಂದರೆ, ಒಂದು ದಾಳಿಗೆ ಸಿಗುವ 24 ಸೆಕೆಂಡಿನ ಲೆಕ್ಕದಲ್ಲಿ, ಐದು ಪೂರ್ಣ ಅವಕಾಶಗಳಿಗೆ ಸಾಲುವಷ್ಟು ದೀರ್ಘ ಕಾಲ ಎಂಬುದು ಮೈಗೆ ತಿಳಿಯಿತು. ನಿಜವಾದ ಫೈನಲ್‌ನಲ್ಲಿ ಆ ಸ್ಥಿತಿ ಎದುರಾದಾಗ ಅದು ನಮಗೆ ಹೊಸತಾಗಿರಲಿಲ್ಲ.

ಡಿಫೆನ್ಸ್ ಬಗ್ಗೆ ಒಂದು ಮಾತು. ದಡದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡುತ್ತ ಬೆಳೆದವನಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಲು ಬರುವುದಿಲ್ಲ: ಎರಡು ತುದಿಯವರೂ ಸಮನಾಗಿ ಎಳೆಯಬೇಕು, ಒಂದು ಕಡೆಯವರು ಕೈ ಸಡಿಲಿಸಿದರೆ ಮೀನು ಅಲ್ಲಿಂದಲೇ ಹೋಗುತ್ತದೆ. ಒಬ್ಬಳನ್ನು ದಾಟಿ ಎದುರಾಳಿ ಒಳಗೆ ನುಗ್ಗಿದಾಗ ಎರಡನೆಯವಳು ಅಡ್ಡ ಬರಬೇಕು, ಎರಡನೆಯವಳು ಬಿಟ್ಟುಬಂದ ಜಾಗಕ್ಕೆ ಮೂರನೆಯವಳು ಸರಿಯಬೇಕು. ದಣಿದ ತಂಡದಲ್ಲಿ ಮೊದಲು ನಿಲ್ಲುವುದು ಈ ಮೂರನೆಯವಳ ಹೆಜ್ಜೆ. ನಿಮ್ಮ ತಂಡದ ನಾಲ್ಕನೆಯ ಕ್ವಾರ್ಟರ್‌ನ ವಿಡಿಯೊ ಯಾರಾದರೂ ಪೋಷಕರ ಮೊಬೈಲಿನಲ್ಲಿದ್ದರೆ, ಬಾಲನ್ನು ಬಿಟ್ಟು ಬಾಲಿನಿಂದ ದೂರವಿರುವ ಇಬ್ಬರನ್ನು ಮಾತ್ರ ಗಮನಿಸಿ ನೋಡಿ. ಸೋಲಿನ ಕಾರಣ ಬಹುಶಃ ಅಲ್ಲಿಯೇ ಸಿಗುತ್ತದೆ.

ಬಿಗಿಯಾದ ಹೊತ್ತಿನಲ್ಲಿ ಎಲ್ಲರೂ ನಾಯಕಿಯ ಕೈಗೇ ಬಾಲ್ ಕೊಟ್ಟು ನಿಂತು ನೋಡುವ ರೂಢಿಯಿದ್ದರೆ ಅದನ್ನೂ ಬಿಡಿಸಬೇಕು. 1997ರ ಎನ್‌ಬಿಎ ಫೈನಲ್‌ನ ಆರನೆಯ ಪಂದ್ಯ 86–86ರಲ್ಲಿ ಸಮವಾಗಿದ್ದಾಗ ಶಾಟ್ ಹಾಕುವವರು ಮೈಕೆಲ್ ಜೋರ್ಡಾನ್ ಎಂದೇ ಎಲ್ಲರೂ ತಿಳಿದಿದ್ದರು. ತನ್ನ ಮೇಲೆ ಇಬ್ಬರು ಬರುತ್ತಾರೆಂದು ಅವರು ಟೈಮ್ ಔಟ್‌ನಲ್ಲಿಯೇ ಜೊತೆ ಆಟಗಾರ ಸ್ಟೀವ್ ಕರ್‌ಗೆ ಹೇಳಿಟ್ಟಿದ್ದರು. ಹಾಗೆಯೇ ಆಯಿತು, ಪಾಸ್ ಹೋಯಿತು, ಕರ್ ಹಾಕಿದ ಶಾಟಿನಿಂದ ಶಿಕಾಗೊ ಬುಲ್ಸ್ ಗೆದ್ದಿತು. ಅದೇ ಜೋರ್ಡಾನ್‌ರ ತಂಡ 1988, 1989, 1990ರಲ್ಲಿ ಸತತವಾಗಿ ಡೆಟ್ರಾಯಿಟ್ ಪಿಸ್ಟನ್ಸ್ ಎದುರು ಸೋತಿತ್ತು. ಎರಡು ವರ್ಷ ಸೋತ ತಂಡಕ್ಕೆ ‘ಇವರು ಇಷ್ಟೇ’ ಎಂಬ ಹಣೆಪಟ್ಟಿ ಹಚ್ಚಲು ಯಾರಿಗೂ ಅವಕಾಶ ಕೊಡಬೇಡಿ.

ಉತ್ತರ: ಕುಮಟಾದ ನಿವೃತ್ತ ರೆಫ್ರಿ

ಕಾರವಾರದ ಹಿರಿಯರು ಹೇಳಿದ್ದಕ್ಕೆ ಸ್ಕೋರರ್ ಮೇಜಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಶಾಲಾ ತಂಡಗಳು ಕೊನೆಯಲ್ಲಿ ಸೋಲುವುದನ್ನು ನಾನು ಸೀಟಿ ಹಿಡಿದು ಹತ್ತಿರದಿಂದ ನೋಡಿದ್ದೇನೆ. ಅನೇಕ ಬಾರಿ ಅದಕ್ಕೆ ಕಾರಣ ಧೈರ್ಯದ ಕೊರತೆಗಿಂತ ನಿಯಮದ ಲೆಕ್ಕ ತಿಳಿಯದಿರುವುದು. ಅಂತರರಾಷ್ಟ್ರೀಯ ನಿಯಮದಂತೆ ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕಾದ ಮೇಲೆ, ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ಅಡ್ಡ ಬರದೆ ಹಾಕುವ, ತಲಾ ಒಂದು ಅಂಕದ ಎಸೆತ) ಸಿಗುತ್ತದೆ. ತಮ್ಮದು ಎಷ್ಟಾಗಿದೆಯೆಂದು ಅಂಕಣದಲ್ಲಿರುವ ಐವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಡವೇ? ಗೊತ್ತಿಲ್ಲದೆ, ಬಾಲ್ ಇನ್ನೂ ಅರ್ಧ ಅಂಕಣದ ಹತ್ತಿರ ಇರುವಾಗಲೇ ಕೈ ಹಾಕಿ ಎಳೆದು, ಎರಡು ಅಂಕಗಳನ್ನು ತಾವೇ ದಾನ ಮಾಡುತ್ತಾರೆ.

ಟೈಮ್ ಔಟ್ ವಿಷಯವೂ ಹಾಗೆಯೇ. ಎರಡನೆಯ ಅರ್ಧದಲ್ಲಿ ಮೂರು ಟೈಮ್ ಔಟ್ ಇರುತ್ತವೆ, ಆದರೆ ನಾಲ್ಕನೆಯ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷಗಳಲ್ಲಿ ಎರಡನ್ನು ಮಾತ್ರ ಬಳಸಬಹುದು. ಮೂರನ್ನೂ ಕೊನೆಗೆಂದು ಕೂಡಿಟ್ಟವರಿಗೆ ಒಂದು ವ್ಯರ್ಥವಾಗುತ್ತದೆ. ಎದುರಾಳಿಗಳು ಸತತವಾಗಿ ಅಂಕ ಗಳಿಸುತ್ತ ಮೇಲೇರುತ್ತಿರುವಾಗಲೇ ಆ ಒಂದನ್ನು ಕೇಳಿ, ಮಕ್ಕಳಿಗೆ ನೀರು ಕೊಟ್ಟು, ಒಂದೇ ಒಂದು ಸೂಚನೆ ಹೇಳಿ ಕಳುಹಿಸಿ. ಮೇಜಿನ ಮೇಲಿರುವ ಬಾಣದ ಗುರುತು ಯಾವ ಕಡೆಗಿದೆ, ಅಂದರೆ ಮುಂದಿನ ಜಂಪ್ ಬಾಲ್‌ನಲ್ಲಿ (ಎರಡೂ ತಂಡದವರು ಬಾಲನ್ನು ಬಿಗಿಯಾಗಿ ಹಿಡಿದಾಗ) ಬಾಲ್ ಯಾರದು ಎಂಬುದನ್ನು ಬೆಂಚಿನಲ್ಲಿರುವ ಒಬ್ಬ ಹುಡುಗಿ ನೋಡುತ್ತಿರಲಿ. ಬೆಂಚಿನವರಿಗೂ ಪಂದ್ಯದಲ್ಲಿ ಪಾಲಿದೆ ಎಂಬುದು ಇದರಿಂದ ಅವರಿಗೆ ಮನದಟ್ಟಾಗುತ್ತದೆ.

ಉತ್ತರ: ಹೊನ್ನಾವರದ ಮಾಜಿ ಆಟಗಾರ್ತಿ

ಅಕ್ಕ, ಶಿರಸಿಯ ಮಳೆಗಾಲದಲ್ಲಿ ಆಡಿಯೇ ನಾನೂ ವಿಭಾಗ ಮಟ್ಟಕ್ಕೆ ಹೋದವಳು. ಶಾಲಾ ಪಂದ್ಯಾವಳಿಗಳು ಬರುವುದೇ ಮಳೆ ಇನ್ನೂ ಹಿಡಿದಿರುವ ತಿಂಗಳುಗಳಲ್ಲಿ. ಸಿಮೆಂಟ್ ಅಂಕಣದ ಮೇಲೆ ಪಾಚಿ ಕಟ್ಟಿ ಓಡಿದರೆ ಜಾರುತ್ತದೆ. ನಾವು ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿ ಮುಗಿಸುವಷ್ಟರಲ್ಲಿ ಮತ್ತೆ ಮಳೆ ಬರುತ್ತಿತ್ತು. ಅಂಥ ದಿನಗಳಲ್ಲಿ ನಮ್ಮ ಅಕ್ಕೋರು ಜಗಲಿಯಲ್ಲಿಯೇ ಸುಣ್ಣದಿಂದ ಗೆರೆ ಹಾಕಿ, ಬಾಲ್ ಇಲ್ಲದೆಯೇ ಬಾಕ್ಸ್ ಔಟ್ ಮಾಡಿಸುತ್ತಿದ್ದರು: ಬೆನ್ನಿಗೆ ಎದುರಾಳಿ ತಾಗಬೇಕು, ಮೊಣಕಾಲು ಬಾಗಿರಬೇಕು, ಕೈ ಮೇಲಿರಬೇಕು, ಮೂರು ಎಣಿಸುವವರೆಗೆ ಅವಳು ಒಳಗೆ ಬರಬಾರದು. ಬೇರೆ ತಂಡದವರು ಶಾಟ್ ಹಾಕುತ್ತ ಮಳೆ ನಿಲ್ಲುವುದನ್ನು ಕಾಯುತ್ತಿದ್ದಾಗ ನಾವು ಇದನ್ನು ಕಲಿತೆವು, ಮತ್ತು ಬಿಗಿಯಾದ ಪಂದ್ಯಗಳಲ್ಲಿ ನಮ್ಮನ್ನು ಕಾಪಾಡಿದ್ದು ಇದೇ.

ಇನ್ನೊಂದನ್ನು ಗಂಡಸರು ಹೇಳಲಾರರು. ನಮ್ಮ ಹುಡುಗಿಯರಿಗೆ ಮನೆಯಲ್ಲಿ ಮೊದಲಿನಿಂದಲೂ ಮೆಲ್ಲಗೆ ಮಾತನಾಡು ಎಂದು ಕಲಿಸಿರುತ್ತಾರೆ. ಅಂಕಣದಲ್ಲಿ ಅದು ನೇರವಾಗಿ ಅಂಕಗಳ ನಷ್ಟ. ‘ಎಡಕ್ಕೆ ಸ್ಕ್ರೀನ್’ (ದಾರಿಗೆ ಅಡ್ಡ ನಿಂತ ಎದುರಾಳಿ ಇದ್ದಾಳೆ), ‘ಹೆಲ್ಪ್ ಇದೆ’, ‘ಏಳು ಸೆಕೆಂಡು’ ಎಂದು ಗಂಟಲು ಬಿಟ್ಟು ಕೂಗದ ತಂಡದಲ್ಲಿ ಪ್ರತಿಯೊಬ್ಬಳೂ ಒಂಟಿಯಾಗುತ್ತಾಳೆ, ಒಂಟಿಯಾದವಳಿಗೆ ಹೆದರಿಕೆ ಇಮ್ಮಡಿಯಾಗುತ್ತದೆ. ಅಭ್ಯಾಸದಲ್ಲಿ ಕೂಗದೆ ಮಾಡಿದ ಡಿಫೆನ್ಸನ್ನು ಲೆಕ್ಕಕ್ಕೇ ಹಿಡಿಯಬೇಡಿ, ಮತ್ತೆ ಮಾಡಿಸಿ. ಹಾಗೆಯೇ ಬಾಲನ್ನೂ ಒಮ್ಮೆ ನೋಡಿ: ಹುಡುಗಿಯರ ಪಂದ್ಯದಲ್ಲಿ ಬಳಸುವುದು 6ನೇ ಅಳತೆಯ ಬಾಲ್. ಶಾಲೆಯಲ್ಲಿ ಹುಡುಗರ 7ನೇ ಅಳತೆಯ ಬಾಲಿನಲ್ಲಿಯೇ ಅಭ್ಯಾಸ ಮಾಡಿದ್ದರೆ ಪಂದ್ಯದ ದಿನ ಫ್ರೀ ಥ್ರೋ ಕೈಗೆ ಹತ್ತುವುದಿಲ್ಲ.

2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಮ್ಮ ದೇಶದ ಮಹಿಳಾ ತಂಡ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಏರಿತು. ಎರಡೇ ಅಂಕ, ಅಂದರೆ ರಿಂಗಿನ ಹತ್ತಿರದಿಂದ ಹಾಕುವ ಒಂದು ಲೇ-ಅಪ್. ಬಿಗಿಯಾದ ಪಂದ್ಯವನ್ನು ಕೊನೆಯವರೆಗೆ ಹಿಡಿದು ಗೆಲ್ಲುವುದು ನಮ್ಮ ಹೆಣ್ಣುಮಕ್ಕಳಿಂದ ಆಗಿದೆ ಎಂದು ನಿಮ್ಮ ತಂಡಕ್ಕೆ ಹೇಳಿ.

ಮರುಪ್ರಶ್ನೆ: ಶಿರಸಿ ತಾಲೂಕಿನ ದೈಹಿಕ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಮೊದಲಿಗೆ ಬರೆಯದೆ ಬಿಟ್ಟಿದ್ದ ಸಂಗತಿಯೊಂದಿದೆ. ಈ ಬಾರಿ ಕೊನೆಯ ಕ್ಷಣದಲ್ಲಿ ಎರಡು ಫ್ರೀ ಥ್ರೋ ಸಿಕ್ಕಿದ್ದವು. ಒಂಬತ್ತನೆಯ ತರಗತಿಯ ಹುಡುಗಿ ಎರಡನ್ನೂ ತಪ್ಪಿಸಿದಳು, ನಾವು ಒಂದು ಅಂಕದಿಂದ ಸೋತೆವು. ಆಮೇಲೆ ಅವಳು ಅಭ್ಯಾಸಕ್ಕೆ ಬಂದಿಲ್ಲ. ಅವಳಿಗೆ ಏನು ಹೇಳಬೇಕು?

ಉತ್ತರ: ಕಾರವಾರದ ನಿವೃತ್ತ ಆಟಗಾರ

ಮೇಡಂ, ನಾನು ಮೊದಲು ಹೇಳಿದ ಅದೇ 2013ರ ಪಂದ್ಯದಲ್ಲಿ, ಕೊನೆಯ ಇಪ್ಪತ್ತು ಸೆಕೆಂಡುಗಳಷ್ಟಿರುವಾಗ ಸ್ಪರ್ಸ್‌ನ ಕವಾಯ್ ಲೆನರ್ಡ್‌ಗೆ ಎರಡು ಫ್ರೀ ಥ್ರೋ ಸಿಕ್ಕಿದ್ದವು. ಒಂದು ಹೋಯಿತು, ಒಂದು ತಪ್ಪಿತು. ಎರಡೂ ಹೋಗಿದ್ದರೆ ಅಲೆನ್ ಅವರ ಆ ಶಾಟಿನಿಂದ ಪಂದ್ಯ ಸಮವಾಗುತ್ತಿರಲಿಲ್ಲ. ಆಗ ಲೆನರ್ಡ್‌ಗೆ 21 ವರ್ಷ. ಆ ತಂಡ ಅವರನ್ನು ಹಿಂದೆ ಸರಿಸಲಿಲ್ಲ. 2014ರ ಫೈನಲ್‌ನಲ್ಲಿ ಸ್ಪರ್ಸ್ ಅದೇ ಮಯಾಮಿಯನ್ನು 4–1ರಿಂದ ಸೋಲಿಸಿತು, ಸರಣಿಯ ಶ್ರೇಷ್ಠ ಆಟಗಾರನಾಗಿ ಆಯ್ಕೆಯಾದವರು ಲೆನರ್ಡ್. ಆ ಹುಡುಗಿಗೆ ಇದನ್ನು ನೀವು ಹೇಳಬಹುದು, ಆದರೆ ಮೊದಲ ದಿನವೇ ಬೇಡ.

ಅದಕ್ಕಿಂತ ಮುಂಚೆ ತಂಡದ ಉಳಿದವರನ್ನು ಕೂರಿಸಿ ಆ ಪಂದ್ಯದ ಸ್ಕೋರ್ ಶೀಟನ್ನು ಎಲ್ಲರೂ ಸೇರಿ ಓದಿ. ಮೊದಲ ಕ್ವಾರ್ಟರ್‌ನಲ್ಲಿ ತಪ್ಪಿದ ಫ್ರೀ ಥ್ರೋಗಳನ್ನು ಎಣಿಸಿ. ಸುಲಭದ ಲೇ-ಅಪ್ ಎಷ್ಟು ಕೈತಪ್ಪಿತು ಎಂಬುದನ್ನು ಮಕ್ಕಳಿಂದಲೇ ಹೇಳಿಸಿ. ಮೊದಲ ನಿಮಿಷದಲ್ಲಿ ಹೋದ ಒಂದು ಅಂಕವೂ ಕೊನೆಯ ನಿಮಿಷದಲ್ಲಿ ಹೋದ ಒಂದು ಅಂಕವೂ ಶೀಟಿನಲ್ಲಿ ಒಂದೇ ಅಂಕ. ಇದನ್ನು ಅವರು ತಮ್ಮ ಕಣ್ಣಿನಿಂದ ಕಾಣಬೇಕು, ಏಕೆಂದರೆ ಆ ಹುಡುಗಿ ಹೆದರುತ್ತಿರುವುದು ರಿಂಗಿಗಲ್ಲ, ಗೆಳತಿಯರ ಮುಖಕ್ಕೆ.

ಆಮೇಲೆ ಇಬ್ಬರು ಗೆಳತಿಯರನ್ನು ಕರೆದುಕೊಂಡು ಅವಳ ಮನೆಗೆ ಹೋಗಿ. ಪಂದ್ಯದ ಮಾತು ಎತ್ತದೆ, ಅಭ್ಯಾಸದ ಹೊತ್ತು ಹೇಳಿ ಕರೆಯಿರಿ. ಅವಳು ಬಂದ ಮೇಲೆ ಫ್ರೀ ಥ್ರೋಗೆ ಒಂದು ಕಟ್ಟಳೆ ಮಾಡಿಕೊಡಿ: ರೆಫ್ರಿ ಬಾಲ್ ಕೊಟ್ಟ ಮೇಲೆ 5 ಸೆಕೆಂಡು ಇರುತ್ತದೆ, ಅದರೊಳಗೆ ಎರಡು ಬಾರಿ ನೆಲಕ್ಕೆ ಬಡಿದು, ಒಂದು ಉಸಿರು ಬಿಟ್ಟು, ರಿಂಗಿನ ಮುಂಭಾಗ ನೋಡಿ ಎಸೆಯಲಿ, ಪ್ರತಿ ಸಲವೂ ಅದನ್ನೇ ಮಾಡಲಿ. ಅಭ್ಯಾಸದ ಆರಂಭದಲ್ಲಿ ಹಾಕಿಸಬೇಡಿ. ಅಂಕಣದ ಉದ್ದಕ್ಕೂ ಓಡಿಸಿ ಎದೆ ಹೊಡೆದುಕೊಳ್ಳುತ್ತಿರುವಾಗ ಎರಡನ್ನು ಮಾತ್ರ ಹಾಕಿಸಿ, ಮತ್ತೆ ಓಡಿಸಿ, ಮತ್ತೆ ಎರಡು. ಇದನ್ನು ಅವಳೊಬ್ಬಳಿಗೇ ಮಾಡಿಸಿದರೆ ಶಿಕ್ಷೆಯಂತೆ ಕಾಣುತ್ತದೆ, ಆದ್ದರಿಂದ ಇಡೀ ತಂಡಕ್ಕೆ ಮಾಡಿಸಿ. ತಾಲೂಕು ಮಟ್ಟದ ಪಂದ್ಯದಲ್ಲಿ ಎದುರಾಳಿಯ ತಾಂತ್ರಿಕ ಫೌಲ್‌ಗೆ (ಮೈ ತಾಗಿದ್ದಕ್ಕಲ್ಲ, ವರ್ತನೆಯ ತಪ್ಪಿಗೆ) ಫ್ರೀ ಥ್ರೋ ಸಿಕ್ಕಿದರೆ, ಅದನ್ನು ಯಾರು ಹಾಕಬೇಕೆಂದು ಆರಿಸುವ ಅಧಿಕಾರ ನಿಮ್ಮದು. ಆಗ ಅವಳನ್ನೇ ಕಳುಹಿಸಿ.