ಬೇಕರಿ ಗಾಜಿನ ಒಳಮೈ ಬೆವರುತ್ತಿದೆ, ಏನು ಪರಿಹಾರ?

ಪ್ರಶ್ನೆ: ಮಡಿಕೇರಿಯಲ್ಲಿ ಬೇಕರಿ. ಮಳೆಗಾಲದಲ್ಲಿ ಟೀ ಬಾಯ್ಲರ್ ಹಚ್ಚಿದ ಕೂಡಲೇ ಮುಂದಿನ ಗಾಜಿನ ಒಳಗಡೆ ನೀರಿಳಿಯುತ್ತದೆ. 5 ಎಂಎಂ ಒಂಟಿ ಗಾಜು. ಹೊರಗಿನ ಗಾಳಿಯೇ ಒದ್ದೆ, ಎಕ್ಸಾಸ್ಟ್ ಹಾಕಿದರೆ ಪ್ರಯೋಜನವಿದೆಯೇ?

ಉತ್ತರ 1: ಖಂಡಿತ ಇದೆ. ಒಳಗೆ 25 ಡಿಗ್ರಿ, ತೇವಾಂಶ ಶೇ 80 ಇದ್ದರೆ ಗಾಜು 21ಕ್ಕೆ ಇಳಿದಾಗಲೇ ನೀರು ಕಟ್ಟುತ್ತದೆ. ಹೊರಗಿನ 18 ಡಿಗ್ರಿಯ ಒದ್ದೆ ಗಾಳಿ ಒಳಬಂದು 25ಕ್ಕೆ ಕಾದರೆ ಅದರ ತೇವಾಂಶ ಸುಮಾರು ಶೇ 65ಕ್ಕೆ ಇಳಿಯುತ್ತದೆ. ಫ್ಯಾನ್ ಬಾಯ್ಲರ್ ನೆತ್ತಿಯ ಮೇಲಿರಲಿ. ಎದುರು ಗೋಡೆಯ ಕೆಳಗೆ ಗಾಳಿಕಿಂಡಿ ಬೇಕೇ ಬೇಕು, ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ ಅಷ್ಟೇ.

ಉತ್ತರ 2: ರ‍್ಯಾಕನ್ನು ಗಾಜಿಗೆ ಒತ್ತಿ ಇಡಬೇಡಿ ಸರ್, 10 ಸೆಂ.ಮೀ. ಬಿಡಿ. ಕೆಳಗಿನಿಂದ ಸಣ್ಣ ಫ್ಯಾನಿನ ಗಾಳಿ ಗಾಜಿನುದ್ದಕ್ಕೂ ಏರಲಿ. ಸೋಪುನೀರು ಒರೆಸಿದರೆ ಹನಿ ಕಾಣುವುದಿಲ್ಲ, ನೀರು ಮಾತ್ರ ಚೌಕಟ್ಟಿಗೆ ಇಳಿದು ಮರ ಕೊಳೆಯುತ್ತದೆ.