ಎರಡನೇ ಮಗುವಿಗೆ ಯಾವ ಸ್ಟ್ರಾಲರ್? ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಕ್ಕಳ ಡಾಕ್ಟರ್ ಮೇಡಂ ಬಂದಿದ್ದಾರೆ. ಇವತ್ತು ಸ್ಟ್ರಾಲರ್ ಬಗ್ಗೆ ಮಾತ್ರ ಕೇಳಿ. ಮೇಲಿನ ಉತ್ತರ ಓದಿ ಕೇಳಿದರೆ ಎಲ್ಲರಿಗೂ ಅನುಕೂಲ.

ಹುಬ್ಬಳ್ಳಿ ಅಮ್ಮ: ನಮಸ್ತೆ ಮೇಡಂ. ದೊಡ್ಡವನಿಗೆ ಎರಡೂವರೆ ವರ್ಷ. ಮುಂದಿನ ತಿಂಗಳು ಎರಡನೇ ಹೆರಿಗೆ. ಡಬಲ್ ಸ್ಟ್ರಾಲರ್ ತಗೋಬೇಕಾ?

ಡಾಕ್ಟರ್: ನಮಸ್ಕಾರ. ಈಗಲೇ ಬೇಡ. ದೊಡ್ಡವನು ಸ್ವಲ್ಪ ದಿನದಲ್ಲೇ ಕೂರಲು ಒಪ್ಪದೆ ಇಳಿದು ಓಡುತ್ತಾನೆ. ನಿಮ್ಮ ಹಳೇ ಸ್ಟ್ರಾಲರ್‌ನ ಸೀಟು ಪೂರ್ತಿ ಚಪ್ಪಟೆಯಾಗುತ್ತಾ ನೋಡಿ. ಆಗುವುದಾದರೆ ಅದು ಹೊಸ ಕೂಸಿಗೆ ಸಾಕು. ದೊಡ್ಡವನು ನಿಂತುಕೊಳ್ಳಲು ಹಿಂದೆ ಸೇರಿಸುವ ಚಕ್ರದ ಹಲಗೆ ಸಿಗುತ್ತದೆ. ನಿಮ್ಮ ಮಾಡೆಲ್‌ಗೆ ಹೊಂದುತ್ತಾ ಅಂತ ಕೇಳಿ ತನ್ನಿ. ಡಬಲ್ ಬೇಕೇ ಬೇಕು ಅಂದರೆ ಮೊದಲು ಟೇಪ್ ಹಿಡಿದು ಲಿಫ್ಟಿನ ಬಾಗಿಲು, ಕಾರಿನ ಡಿಕ್ಕಿ ಅಳೆಯಿರಿ. ಅಕ್ಕಪಕ್ಕ ಸೀಟಿರುವುದು ಅಗಲ ಜಾಸ್ತಿ, ಹಿಂದೆ ಮುಂದೆ ಇರುವುದು ಉದ್ದ ಜಾಸ್ತಿ.

ಇನ್ನೊಂದು ಮಾತು. ಮಡಚುವಾಗ, ಬಿಚ್ಚುವಾಗ ದೊಡ್ಡವನನ್ನು ದೂರ ನಿಲ್ಲಿಸಿ. ಮಡಚುವ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾಗಿದ್ದಕ್ಕೇ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರಾಲರ್‌ಗಳ ರೀಕಾಲ್ ಆಯಿತು, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕರೆ ಕೊಟ್ಟಿತು.

ತುಮಕೂರು ಅಪ್ಪ: ನಮಗೆ ಅವಳಿ. ಫುಟ್‌ಪಾತ್ ಇಲ್ಲದ ರಸ್ತೆಗೆ ಯಾವ ಚಕ್ರ ಒಳ್ಳೆಯದು ಮೇಡಂ?

ಮಂಡ್ಯ ಅಮ್ಮ: ಮೇಡಂ, ನನ್ನ ಮಗಳು 33 ವಾರಕ್ಕೇ ಹುಟ್ಟಿದಳು. ಈಗ ಎರಡೂವರೆ ತಿಂಗಳು. ಪಕ್ಕದ ಮನೆಯವರು ಛತ್ರಿ ಥರ ಮಡಚುವ ಸ್ಟ್ರಾಲರ್ ಕೊಟ್ಟರು. ಅದರಲ್ಲೇ ಚೆನ್ನಾಗಿ ಮಲಗುತ್ತಾಳೆ, ರಾತ್ರೀನೂ. ಕತ್ತು ಮುಂದಕ್ಕೆ ಬೀಳುತ್ತೆ ಅಂತ ಅತ್ತೆ ತಲೆ ಹಿಂದೆ ಟವೆಲ್ ಸುತ್ತಿ ಇಟ್ಟಿದ್ದಾರೆ. ಗೊರಗೊರ ಅಂತಾಳೆ. ಪರವಾಗಿಲ್ವಾ?

ಡಾಕ್ಟರ್: ಇಲ್ಲಮ್ಮ, ಇದು ಅಪಾಯ. ಇದನ್ನು ಓದುತ್ತಿರುವಾಗಲೇ ಎತ್ತಿ ಚಪ್ಪಟೆ, ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಿ. ದಿಂಬು ಬೇಡ, ಟವೆಲ್ ಬೇಡ.

ಯಾಕೆ ಹೇಳ್ತೀನಿ. ಏಳು ವಾರ ಮುಂಚೆ ಹುಟ್ಟಿದ್ದಾಳೆ. ಕ್ಯಾಲೆಂಡರ್‌ನಲ್ಲಿ ಎರಡೂವರೆ ತಿಂಗಳಾದರೂ ಬೆಳವಣಿಗೆ ಲೆಕ್ಕದಲ್ಲಿ ಮೂರು ನಾಲ್ಕು ವಾರದ ಕೂಸು. ಕತ್ತು ಇನ್ನೂ ನಿಂತಿಲ್ಲ. ಆ ಥರದ ಸ್ಟ್ರಾಲರ್ ಸಾಮಾನ್ಯವಾಗಿ ಆರು ತಿಂಗಳ ಮೇಲಿನ ಮಕ್ಕಳಿಗೆ. ಅದರಲ್ಲಿ ಕೂಸಿನ ಬೆನ್ನು ಬಾಗುತ್ತದೆ, ಭಾರವಾದ ತಲೆ ಮುಂದಕ್ಕೆ ವಾಲುತ್ತದೆ, ಗದ್ದ ಎದೆಗೆ ತಾಗುತ್ತದೆ. ಇಷ್ಟು ಚಿಕ್ಕವರ ಉಸಿರಿನ ದಾರಿ ಕಿರಿದು, ಮೆತ್ತಗೆ. ಹಾಗೆ ಬಾಗಿದರೆ ಅಲ್ಲೇ ಮುಚ್ಚಿಕೊಳ್ಳುತ್ತದೆ. ಕೂಸು ಅಳದೆ, ಒದ್ದಾಡದೆ ಇರಬಹುದು. ನೋಡುವವರಿಗೆ ನಿದ್ದೆ ಅನ್ನಿಸುತ್ತದೆ. ತಲೆ ಹಿಂದಿನ ಟವೆಲ್ ಅದನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ.

ತುಟಿ ನೀಲಿಯಾಗಿತ್ತಾ? ಉಸಿರು ಮಧ್ಯೆ ನಿಲ್ಲುತ್ತಾ? ಹಾಲು ಕುಡಿಯುವಾಗ ಸುಸ್ತಾಗುತ್ತಾಳಾ? ಒಂದಕ್ಕಾದರೂ ಹೌದು ಅಂದರೆ ನನ್ನ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ.

ಮಂಡ್ಯ ಅಮ್ಮ: ಮಲಗಿಸಿದೆ ಮೇಡಂ. ತುಟಿ ಸರಿಯಾಗಿದೆ. ಹಾಲು ಕುಡಿಯುವಾಗ ಮಧ್ಯೆ ಮಧ್ಯೆ ನಿಲ್ಲಿಸ್ತಾಳೆ. ಸೋಮವಾರ ತೋರಿಸ್ಲಾ?

ಡಾಕ್ಟರ್: ಸೋಮವಾರ ಅಲ್ಲ, ಈಗಲೇ. ಎಷ್ಟು ವಾರಕ್ಕೆ ಹುಟ್ಟಿದ್ದು ಅನ್ನೋದನ್ನು ಆಸ್ಪತ್ರೆಯವರಿಗೆ ಮೊದಲೇ ಹೇಳಿ.

ದಾವಣಗೆರೆ ಅಕ್ಕ: ನನಗೊಂದು ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಬಹುದು. ಗೊರಗೊರಕ್ಕೆ ಓಮ, ಪಚ್ಚ ಕರ್ಪೂರ ಗಂಟು ಕಟ್ಟಿ ಸ್ಟ್ರಾಲರ್ ಮೇಲೆ ನೇತುಹಾಕಬೇಕು. ತಲೆ ದುಂಡಗಾಗಲು ಸಾಸಿವೆ ದಿಂಬು.

ಡಾಕ್ಟರ್: ಎರಡೂ ಬೇಡ. ಕರ್ಪೂರ ಕೂಸಿನ ಬಾಯಿಗೆ ಹೋದರೆ ಫಿಟ್ಸ್ ಬರುತ್ತದೆ, ಸ್ವಲ್ಪವೇ ಸಾಕು. ದಿಂಬಿನ ಬಗ್ಗೆ ಈಗಷ್ಟೇ ಬರೆದೆ. ಮಗುವಿಗೆ ಉಸಿರಿನ ತೊಂದರೆ ಇದೆ ಅಂತ ಒಬ್ಬ ತಾಯಿ ಹೇಳುತ್ತಿರುವಾಗ ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಶಿವಮೊಗ್ಗ ಅಜ್ಜಿ: ನಾವು ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಗಾಡಿ ಎಲ್ಲ ದುಡ್ಡಿನ ಶೋಕಿ.

ಬೆಂಗಳೂರು ಅಮ್ಮ: ಅಜ್ಜಿ, ನನಗೆ ಎರಡು ಸಿಸೇರಿಯನ್ ಆಗಿದೆ. ಹನ್ನೊಂದು ಕೆಜಿ ಹೊತ್ತು ಮೂರು ಮಹಡಿ ಹತ್ತಿ ನೋಡಿ, ಆಮೇಲೆ ಶೋಕಿ ಅನ್ನಿ.

ಶಿವಮೊಗ್ಗ ಅಜ್ಜಿ: ಮೂರು ಮಹಡಿಗೆ ಗಾಡಿ ಹತ್ತುತ್ತೇನಮ್ಮ?

ಹುಬ್ಬಳ್ಳಿ ಅಮ್ಮ: ಹಿರಿಯರಿಗೆ ಹೀಗಾ ಮಾತಾಡೋದು?

ಬೆಂಗಳೂರು ಅಮ್ಮ: ಮೊದಲು ಶೋಕಿ ಅಂದಿದ್ದು ಯಾರು?

ಹಾಸನ ಅಪ್ಪ: ಬಿಸಿಲಿಗೆ ಸ್ಟ್ರಾಲರ್ ಮೇಲೆ ತೆಳು ಪಂಚೆ ಹೊದಿಸ್ತೀವಿ. ಸರಿ ಅಲ್ವಾ?

ಡಾಕ್ಟರ್: ಸರಿಯಲ್ಲ. ಬಟ್ಟೆ ತೆಳುವಾದರೂ ಗಾಳಿ ಆಡದೆ ಒಳಗೆ ಕಾವು ಏರುತ್ತದೆ, ಕೂಸಿನ ಮುಖವೂ ನಿಮಗೆ ಕಾಣುವುದಿಲ್ಲ. ಸ್ಟ್ರಾಲರ್‌ನ ಚಾವಣಿ ಸಾಕು. ಬಿಸಿಲು ಇಳಿದ ಮೇಲೆ ಹೊರಡಿ.

ಮೈಸೂರು ಅಮ್ಮ: ಎಂಟು ತಿಂಗಳಿಗೆ ಸ್ಟ್ರಾಲರ್ ಬದಲು ವಾಕರ್ ಕೊಡಿಸಲಾ?

ಡಾಕ್ಟರ್: ಬೇಡ.

ಕೋಲಾರ ಅಮ್ಮ: ವಾಕರ್‌ನಿಂದ ಬೇಗ ನಡೀತಾರಂತಲ್ಲ ಮೇಡಂ?

ಡಾಕ್ಟರ್: ನಡೆಯುವುದಿಲ್ಲ. ಮೆಟ್ಟಿಲಿಂದ ಉರುಳುತ್ತಾರೆ. ಕೆನಡಾ 2004ರಲ್ಲೇ ಮಾರಾಟ ನಿಲ್ಲಿಸಿತು.

ಬೆಂಗಳೂರು ಅಮ್ಮ: ನಮ್ಮದು ಏಳು ತಿಂಗಳು. ವಾಕರ್ ಯಾವ ಕಂಪನಿದು ತಗೊಳ್ಳೋದು?

ಡಾಕ್ಟರ್: ಮೇಲೆ ಎರಡು ಸಲ ಬರೆದಿದ್ದೇನೆ. ಓದಿ.

ದಾವಣಗೆರೆ ಅಕ್ಕ: ಪಾಪ, ಅವರಿಗೆ ಗೊತ್ತಿಲ್ಲ ಅಂತ ತಾನೇ ಕೇಳೋದು. ಇಷ್ಟು ಸಿಟ್ಟು ಯಾಕೆ?

ಅಡ್ಮಿನ್: ಸ್ಟ್ರಾಲರ್ ಬಿಟ್ಟು ಬೇರೆ ಮಾತು ಬಂದರೆ ಅಳಿಸುತ್ತೇನೆ. ಹತ್ತು ನಿಮಿಷ ಇದೆ.

ಡಾಕ್ಟರ್: ಮಂಡ್ಯದ ತಾಯಿ, ಹೊರಟಿರಾ? ಅಷ್ಟು ಹೇಳಿ ಸಾಕು.

ತುಮಕೂರು ಅಪ್ಪ: ಅವಳಿ ಮಕ್ಕಳ ಸ್ಟ್ರಾಲರ್‌ಗೆ ಯಾವ ಚಕ್ರ ಅಂತ ಕೇಳಿದ್ದೆ ಮೇಡಂ.

ಕೋಲಾರ ಅಮ್ಮ: ಸೆಕೆಂಡ್ ಹ್ಯಾಂಡ್ ತಗೊಂಡರೆ ಏನೇನು ನೋಡಬೇಕು?