ಸಹಾಯ ಬೇಕು: ಲಿನಕ್ಸ್ ಡೆಸ್ಕ್‌ಟಾಪ್ ನಿಧಾನ, ಆಗಾಗ ಹ್ಯಾಂಗ್

ನಮಸ್ಕಾರ. ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ. ಮನೆ ಡೆಸ್ಕ್‌ಟಾಪ್‌ನಲ್ಲಿ ಉಬುಂಟು 22.04, 8 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್ ಇದೆ. ಮಳೆ ಹಿಡಿದ ಮೇಲೆ ತುಂಬಾ ನಿಧಾನ. ಫೈಲ್ ತೆರೆದರೆ ಮೌಸ್ ಕೂಡ ಅಲುಗಾಡುವುದಿಲ್ಲ. ಕೆಲವೊಮ್ಮೆ ತಾನೇ ರೀಸ್ಟಾರ್ಟ್ ಆಗುತ್ತದೆ. ಇಲ್ಲಿ ಕರೆಂಟ್ ಹೋಗಿ ಬರುವುದೂ ಜಾಸ್ತಿ, ಥಂಡಿಯೂ ಜಾಸ್ತಿ ಅಲ್ವಾ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ಒಂದೂ ಎರರ್ ಇಲ್ಲ. ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಸ್ಥಿತಿ ತಾನೇ ಹೇಳುವ ವರದಿ) ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತೊಂದರೆ ಕೊಡುವ ಜಾಗ, ಸೊನ್ನೆ. ಆದರೆ ಸಿಆರ್‌ಸಿ ಎರರ್ (ಡೇಟಾ ಕೇಬಲ್‌ನಲ್ಲಿ ಸಾಗುವಾಗ ಆಗುವ ತಪ್ಪು) ಸಂಖ್ಯೆ ಏರುತ್ತಲೇ ಇದೆ. ಹಾಗಾದರೆ ಡಿಸ್ಕ್‌ಗಿಂತ ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಮೇಲೇ ನನಗೆ ಅನುಮಾನ. ರೀಸ್ಟಾರ್ಟ್ ಆಗುವುದಕ್ಕೆ ಮಾತ್ರ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಕಾರಣ ಇರಬಹುದಾ?

ಅಪ್ಪನ ಕಾಫಿ ತೋಟದ ಲೆಕ್ಕವೆಲ್ಲ ಇದರಲ್ಲೇ ಇದೆ. ಕಾಪಿ ತೆಗೆದಿಟ್ಟಿದ್ದೇನೆ, ಆದರೂ ಸುಮ್ನೆ ಹೊಸ ಡಿಸ್ಕ್‌ಗೆ ದುಡ್ಡು ಹಾಕಲು ಮನಸ್ಸಿಲ್ಲ. ಮಡಿಕೇರಿ, ಕುಶಾಲನಗರ ಕಡೆಯವರು ಯಾರಾದರೂ ಪರೀಕ್ಷೆಗೆ ಒಂದು ಎಸ್‌ಎಂಪಿಎಸ್ ಕೊಟ್ಟರೆ ದೊಡ್ಡ ಉಪಕಾರ.